ಮೇಷ್ಟ್ರ ನಡಿಗೆ

ನನ್ನ ಮೊಬೈಲಿನಲ್ಲಿ ನಲವತ್ತೊಂದು ಸೆಕೆಂಡಿನ ಒಂದು ವಿಡಿಯೋ ಇದೆ. ಮೊದಲ ಇಪ್ಪತ್ತು ಸೆಕೆಂಡು ನನ್ನ ಸೋದರಮಾವ ಜಯನಗರದ ಪಾರ್ಕೊಂದರಲ್ಲಿ ಎದೆ ಮುಂದೆ ಮಾಡಿ, ಒಂದು ಕೈ ಬೆನ್ನ ಹಿಂದೆ ಕಟ್ಟಿ, ಇನ್ನೊಂದು ಕೈಯಲ್ಲಿ ಇಲ್ಲದ ಕೊಡೆಯನ್ನು ಊರುತ್ತ ನಡೆಯುತ್ತಾರೆ. ಆಮೇಲೆ ಒಂದು ಸದ್ದು. ಹಳೇ ಸೀರೆ ಹರಿದ ಹಾಗೆ ಶುರುವಾಗಿ ಪಟಾಕಿಯ ಹಾಗೆ ಮುಗಿಯುತ್ತದೆ. ಆಕಾಶ ಒಂದು ಸುತ್ತು ತಿರುಗಿ ಹುಲ್ಲು ಬರುತ್ತದೆ. ಮಿಕ್ಕಿದ್ದು ಬರೀ ಧ್ವನಿ.

ಇದನ್ನು ಎಷ್ಟು ಸಲ ನೋಡಿದೆನೋ. ಸಿಗ್ನಲ್ಲಿನಲ್ಲಿ ನಿಂತಾಗ ನೋಡಿದ್ದೇನೆ, ಕುಕ್ಕರ್ ಕೂಗಲೆಂದು ಕಾಯುತ್ತ ನೋಡಿದ್ದೇನೆ. ಪ್ರತಿ ಸಲವೂ ಇಪ್ಪತ್ತನೇ ಸೆಕೆಂಡಿಗೆ ತಲೆಯೆತ್ತಿ ಮೇಲೆ ನೋಡುತ್ತೇನೆ, ಮೂವತ್ತನೆಯದಕ್ಕೆ ನಗು ಬರುತ್ತದೆ. ಮಾವ ಹೋಗಿ ಏಳು ತಿಂಗಳಾದರೂ ಈ ಕ್ರಮ ತಪ್ಪಿಲ್ಲ.

ಆಗ ಅವರಿಗೆ ಅರವತ್ತೆಂಟು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಡಾಕ್ಟರು ಮೂರು ತಿಂಗಳು, ಹೆಚ್ಚೆಂದರೆ ನಾಲ್ಕು ಎಂದಿದ್ದರು. ಅದು ಗೊತ್ತಿದ್ದದ್ದು ಮಾವನಿಗೆ, ಅತ್ತೆಗೆ, ನನಗೆ. ಬೆಳಗಿನ ಪಾರ್ಕಿನ ಗೆಳೆಯರಿಗೆ ಹೇಳುವುದಿಲ್ಲವೆಂದು ಮಾವ ನಮ್ಮಿಬ್ಬರಿಂದಲೂ ಭಾಷೆ ತೆಗೆದುಕೊಂಡಿದ್ದರು. ಕಾರಣ ಕೇಳಿದ್ದಕ್ಕೆ, "ಗೊತ್ತಾದ್ರೆ ಬೈಯೋದು ನಿಲ್ಲಿಸಿಬಿಡ್ತಾರೆ ಕಣೇ" ಎಂದರು.

ಬೈಯುವವರು ಮುಖ್ಯವಾಗಿ ಮೇಷ್ಟ್ರು. ಹೈಸ್ಕೂಲಿನ ಹೆಡ್‌ಮಾಸ್ಟರಾಗಿ ನಿವೃತ್ತರಾದವರು, ನಿವೃತ್ತರಾದದ್ದು ಅವರಿಗೆ ಇನ್ನೂ ತಿಳಿದಿರಲಿಲ್ಲ ಅಷ್ಟೆ. ಪಾರ್ಕಿನಲ್ಲಿ ಕೊಡೆ ಊರಿಕೊಂಡು, ಪ್ರಾರ್ಥನೆಗೆ ನಿಂತ ಮಕ್ಕಳ ಸಾಲು ನೋಡಿಕೊಂಡು ಹೋಗುವವರ ಹಾಗೆ ಕ್ರೋಟನ್ ಗಿಡಗಳನ್ನು ನೋಡಿಕೊಂಡು ನಡೆಯುತ್ತಿದ್ದರು. ಅವರಿಗೂ ಮಾವನಿಗೂ ಹನ್ನೊಂದು ವರ್ಷದಿಂದ ಒಂದೇ ಜಗಳ. ಇಡ್ಲಿಗೆ ಚಟ್ನಿ ಸಾಕು, ಸಾಂಬಾರು ಹಾಕುವುದು ಇಡ್ಲಿಗೆ ಮಾಡುವ ಅವಮಾನ ಎಂದು ಮಾವ. ಸಾಂಬಾರಿಲ್ಲದ ಇಡ್ಲಿ ಪಥ್ಯ ಎಂದು ಮೇಷ್ಟ್ರು. ಜೊತೆಗೆ ಇನ್ನು ಮೂವರು ಹಿರಿಯರು ಆ ದಿನದ ಹವಾಮಾನ ನೋಡಿಕೊಂಡು ಪಕ್ಷ ಬದಲಾಯಿಸುತ್ತಿದ್ದರು.

ಮಾವ ದಾರಿಯಲ್ಲಿ ಬಿದ್ದುಗಿದ್ದಾರು ಎಂದು ಅತ್ತೆ ನನ್ನನ್ನು ಜೊತೆಗೆ ಕಳಿಸುತ್ತಿದ್ದರು. ಗೆಳೆಯರಿಗೆ ನೆಪ ಬೇಕಲ್ಲ; ಇವಳಿಗೆ ತೂಕ ಜಾಸ್ತಿಯಾಗಿದೆ, ನಡೆಸೋಕೆ ಕರೆದುಕೊಂಡು ಬರುತ್ತಿದ್ದೇನೆ ಎಂದು ಮಾವ ಎಲ್ಲರ ಮುಂದೆ ಸಾರಿದರು. ಎಂ.ಎಸ್ಸಿ. ಮಾಡಿದ ನಾನು ಬಾಯಿ ಮುಚ್ಚಿಕೊಂಡು ನಡೆದೆ. ಮೂರು ವಾರವಾದ ಮೇಲೆ ಮೇಷ್ಟ್ರು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, "ಇಳಿಯಬೇಕಾದೋಳು ಸೊಸೆ, ಇಳೀತಿರೋನು ಮಾವ. ಏನ್ ಲೆಕ್ಕಾನೋ" ಎಂದರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಮಾವ.

ಆ ದಿನ ಹಿಂದಿನ ಸಂಜೆ ಮಳೆ ಬಂದಿತ್ತು. ಗುಲ್‌ಮೊಹರ್ ಮರದ ಕೆಳಗೆ ಅವರ ಕಲ್ಲುಬೆಂಚು. ನಾಲ್ಕು ಜನ ಕೂರುವ ಕಡೆ ಐವರು ಒತ್ತಿಕೊಂಡು ಕೂತಿದ್ದರು, ನಾನು ಬೆಂಚಿನ ಕಾಲ ಹತ್ತಿರ ನೀರಿನ ಬಾಟಲಿ ಇಟ್ಟುಕೊಂಡು ನಿಂತಿದ್ದೆ. ಇಡ್ಲಿಯಿಂದ ಮಾತು ಹೇಗೋ ಮೇಷ್ಟ್ರ ನಡಿಗೆಗೆ ಬಂತು. ನಾನು ಹಾಗೆಲ್ಲ ನಡೆಯುವುದಿಲ್ಲ ಎಂದರು ಮೇಷ್ಟ್ರು. ಮಾವ ತಟ್ಟನೆ ಎದ್ದು ಮಾಡಿ ತೋರಿಸತೊಡಗಿದರು. ಅಷ್ಟು ಚೆನ್ನಾಗಿತ್ತು ಅದು! ಹತ್ತು ಹೆಜ್ಜೆಗೊಮ್ಮೆ ನಿಂತು ಒಂದು ಕ್ರೋಟನ್ ಗಿಡಕ್ಕೆ ಗದರಿದರು. ನಾನು ಮೊಬೈಲ್ ಹಿಡಿದು ಅವರ ಹಿಂದೆ ಓಡಿದೆ. ಮೇಷ್ಟ್ರು ಪೇಪರನ್ನು ಸುರುಳಿ ಸುತ್ತಿ ಹೊಡೆಯಲೆಂದು ಎದ್ದರು. ಉಳಿದ ಮೂವರೂ, ಏಟು ಬೀಳುವುದನ್ನು ಹತ್ತಿರದಿಂದ ನೋಡಬೇಕೆಂದು, ಎದ್ದು ಬಂದರು.

ಆಗ ಆ ಸದ್ದು.

ತಿರುಗಿ ನೋಡಿದರೆ ಬೆಂಚೇ ಕಾಣಲಿಲ್ಲ. ನನ್ನ ಸೊಂಟದಷ್ಟು ದಪ್ಪದ ಕೊಂಬೆ, ಕೆಂಪು ಹೂವಿನ ಸಮೇತ, ಅದರ ಮೇಲೆ ಅಡ್ಡ ಬಿದ್ದಿತ್ತು. ಕಲ್ಲು ಎರಡು ತುಂಡಾಗಿತ್ತು. ನನ್ನ ಸ್ಟೀಲ್ ಬಾಟಲಿ ಚಪಾತಿಯಾಗಿತ್ತು. ಮೊಬೈಲ್ ಕೈಯಿಂದ ಬಿದ್ದಿದ್ದು ಗೊತ್ತಾಗಲಿಲ್ಲ. ವಿಡಿಯೋದಲ್ಲಿ ಇಲ್ಲಿ ಒಂಬತ್ತು ಸೆಕೆಂಡು ಒಂದು ಕಾಗೆ ಕೂಗುತ್ತದೆ. ಆಮೇಲೆ ಮಾವನ ಧ್ವನಿ:

"ಮೇಷ್ಟ್ರೇ, ನೀವು ನಡೆದ್ರೆ ಮರ ಬೀಳತ್ತೆ ಅಂತ ಮೊದಲೇ ಹೇಳಬಾರದಾ?"

ಅವತ್ತು ನಾವು ನಕ್ಕ ಹಾಗೆ ನಾನು ಎಂದೂ ನಕ್ಕಿಲ್ಲ. ಐದು ಜನ ಮುದುಕರು ಒಬ್ಬರ ಹೆಗಲು ಒಬ್ಬರು ಹಿಡಿದು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಮತ್ತೆ ಬೆಂಚಿನ ಕಡೆ ನೋಡಿ, ಮತ್ತೆ ನಕ್ಕರು. ಯಾರೋ ಒಬ್ಬರು ಮಾವನ ಬೆನ್ನು ತಟ್ಟಿ, ನೀವು ಎದ್ದಿದ್ದಕ್ಕೆ ನಾವೆಲ್ಲ ಉಳಿದೆವು, ನಿಮಗೆ ನೂರು ವರ್ಷ ಆಯಸ್ಸು ಎಂದರು. ಮಾವ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ನೋಡಬಾರದಿತ್ತು. ಉಸಿರು ಸಿಕ್ಕಿಕೊಳ್ಳುವಷ್ಟು ನಕ್ಕೆವು. ಪಾಪ, ಶಾಕ್ ಆಗಿದೆ ಎಂದು ಯಾರೋ ನಮಗೆ ಎಳನೀರು ತಂದುಕೊಟ್ಟರು.

ಅಷ್ಟಕ್ಕೇ ನಿಂತಿದ್ದರೆ ಗುಟ್ಟು ಉಳಿಯುತ್ತಿತ್ತು. ಆದರೆ ಮೇಷ್ಟ್ರು ಪ್ರಾಣ ಉಳಿಸಿದವನಿಗೆ ಆಯುಷ್ಯ ಹೋಮ ಮಾಡಿಸಲೇಬೇಕೆಂದು ಹಟ ಹಿಡಿದರು. ಬನಶಂಕರಿ ಎರಡನೇ ಹಂತದ ಅವರ ಮನೆಯಲ್ಲಿ ಭಾನುವಾರ ಹೋಮ. ಬೇಡವೆನ್ನಲು ನಮ್ಮ ಹತ್ತಿರ ಹೇಳಬಹುದಾದ ಕಾರಣವೇ ಇರಲಿಲ್ಲ. ಮೂರು ತಿಂಗಳ ಅವಧಿಯಲ್ಲಿ ಐದು ವಾರ ಕಳೆದುಕೊಂಡ ಮನುಷ್ಯ ಜರತಾರಿ ಪಂಚೆ ಉಟ್ಟು ದೀರ್ಘಾಯುಷ್ಯಕ್ಕೆ ಸಂಕಲ್ಪ ಮಾಡಿಕೊಂಡು ಕೂತರು. ಅತ್ತೆ ಹೊಗೆಯ ನೆಪದಲ್ಲಿ ಅಳುತ್ತಿದ್ದರು. ಪುರೋಹಿತರು ಅಕ್ಷತೆ ಹಾಕಿ ನೂರು ವರ್ಷ ಬಾಳಿ ಎಂದಾಗ ಮಾವನ ಹೆಗಲು ಕುಲುಕತೊಡಗಿತು. ನಾನು ಸೆರಗು ಬಾಯಿಗೆ ತುರುಕಿಕೊಂಡೆ.

ಹೋಮದ ಮುಂದೆ ಏನು ನಗು ಎಂದು ಮೇಷ್ಟ್ರು ಗದರಿದರು. ಮಾವ ಎಷ್ಟೋ ಹೊತ್ತು ನಗು ತಡೆದುಕೊಂಡರು, ಆಗಲಿಲ್ಲ.

"ಮೇಷ್ಟ್ರೇ, ಡಾಕ್ಟ್ರು ಮೂರು ತಿಂಗಳು ಅಂದಿದಾರೆ. ಇವರು ನೂರು ವರ್ಷ ಅಂತಿದಾರೆ. ನೀವು ದೊಡ್ಡೋರು, ಮಧ್ಯೆ ಎಲ್ಲಾದ್ರೂ ಸೆಟ್ಲ್ ಮಾಡಿಸಿಕೊಡಿ."

ನಗುತ್ತಲೇ ಎಲ್ಲ ಹೇಳಿಬಿಟ್ಟರು. ಬೇರೆ ಯಾರೂ ನಗಲಿಲ್ಲ. ಊಟದಲ್ಲಿ ಮಾವನ ಎಲೆಗೆ ಕೇಳದೆಯೇ ಮೂರು ಸಲ ಪಾಯಸ ಬಂತು.

ಮರುದಿನ ಪಾರ್ಕಿನಲ್ಲಿ ಮಾವ ಹೆದರಿದ್ದೇ ಆಯಿತು. ಈಗ ಅವರು ಕೂರುತ್ತಿದ್ದ ಬೇರೆ ಬೆಂಚಿನ ಮೇಲೆ ಯಾರೋ ಮೆತ್ತೆ ಹಾಕಿಟ್ಟಿದ್ದರು. ಎಲ್ಲರ ಧ್ವನಿ ಆಸ್ಪತ್ರೆಯ ಕಾರಿಡಾರಿನ ಧ್ವನಿ. ಮಾವ ಬೇಕೆಂದೇ ಇಡ್ಲಿಯ ವಿಷಯ ತೆಗೆದರು. ಮೇಷ್ಟ್ರು ನೆಲ ನೋಡುತ್ತ, ನೀವು ಹೇಳೋದೂ ಸರಿಯೇ, ಚಟ್ನಿಯೇ ಮೇಲು ಎಂದರು.

ಮನೆಗೆ ಬರುವಾಗ ಮಾವ ನಾಲ್ಕು ಕಡೆ ನಿಂತು ಸುಧಾರಿಸಿಕೊಂಡರು. "ಮೇಷ್ಟ್ರು ನನ್ನ ಮಾತು ಒಪ್ಪಿಕೊಂಡ್ರು. ನಾನು ಇವತ್ತೇ ಸತ್ತೆ ಕಣೇ" ಎಂದರು. ಈ ಸಲ ಅವರು ನಗಲಿಲ್ಲ. ಡಾಕ್ಟರು ಮೂರು ತಿಂಗಳು ಎಂದಾಗಲೂ ನಕ್ಕಿದ್ದ ಮನುಷ್ಯ.

ಅವತ್ತು ಸಂಜೆ ನಾನೊಬ್ಬಳೇ ಮೇಷ್ಟ್ರ ಮನೆಗೆ ಹೋದೆ. ಏನು ಹೇಳಬೇಕೆಂದು ಬಸ್ಸಿನಲ್ಲೆಲ್ಲ ಯೋಚಿಸಿದ್ದು ಅವರ ಬಾಗಿಲಲ್ಲಿ ಮರೆತುಹೋಯಿತು. ಸುಮ್ಮನೆ ವಿಡಿಯೋ ತೋರಿಸಿದೆ. ನೀವು ಹೊಡೆಯೋಕೆ ಎದ್ದಿರದಿದ್ದರೆ ನೀವು ಆ ಬೆಂಚಿನ ಮೇಲೇ ಇರುತ್ತಿದ್ದಿರಿ, ಮಾವ ಅಣಕಿಸಿದ್ದಕ್ಕೆ ನಾವೆಲ್ಲ ಇದ್ದೇವೆ, ಈಗ ಅವರಿಗೆ ಆ ಅಣಕ, ಆ ಜಗಳವೊಂದೇ ಬೇಕು, ಅದನ್ನೇ ನೀವು ಕಿತ್ತುಕೊಂಡಿರಿ ಎಂದೆ. ಹೆಡ್‌ಮಾಸ್ಟರರಿಗೇ ಹಾಗೆ ಹೇಳಿದೆ. ಅವರು ಮೂರು ಸಲ ನೋಡಿದರು. ಮೊಬೈಲ್ ವಾಪಸು ಕೊಡುವಾಗ ಕೇಳಿದ್ದು ಒಂದೇ ಮಾತು. "ನಾನು ನಿಜವಾಗ್ಲೂ ಹೀಗೇ ನಡೀತೀನಾ?"

ಮರುದಿನ ಬೆಳಿಗ್ಗೆ ಮಾವ ಬರಲು ಒಪ್ಪಲಿಲ್ಲ. ನನ್ನ ತೂಕದ ನೆಪ ಹೇಳಿ ಎಬ್ಬಿಸಿಕೊಂಡು ಹೋದೆ. ನಾವು ಗೇಟಿನ ಒಳಗೆ ಬರುವುದಕ್ಕೂ ಬೆಂಚಿನಿಂದ ಮೇಷ್ಟ್ರು ಏಳುವುದಕ್ಕೂ ಸರಿಹೋಯಿತು. ಮೆತ್ತೆಯನ್ನು ತೆಗೆದು ಕ್ರೋಟನ್ ಗಿಡಗಳ ಮೇಲೆ ಎಸೆದರು. ಆಮೇಲೆ ಬೆನ್ನು ಬಗ್ಗಿಸಿ, ಒಂದು ಕೈಯಿಂದ ಹೊಟ್ಟೆ ಒತ್ತಿಕೊಂಡು, ಇನ್ನೊಂದು ಕೈಯನ್ನು ಪಕ್ಕದಲ್ಲಿ ಇಲ್ಲದ ಸೊಸೆಯ ಹೆಗಲ ಮೇಲಿಟ್ಟು, ಕಾಲೆಳೆಯುತ್ತ ನಡೆಯತೊಡಗಿದರು. ನಾಲ್ಕು ಹೆಜ್ಜೆಗೊಮ್ಮೆ ನಿಂತು, ಚಪ್ಪಲಿ ಸರಿಮಾಡಿಕೊಳ್ಳುವ ನಾಟಕ ಮಾಡಿ, ಸುಧಾರಿಸಿಕೊಂಡರು. ಮಾವನ ನಡಿಗೆ. ಆ ಚಪ್ಪಲಿಯ ನಾಟಕ ನನಗೆ ಮಾತ್ರ ಗೊತ್ತು ಎಂದುಕೊಂಡಿದ್ದೆ. ಉಳಿದ ಮೂವರು ಮಾವನ ಮುಖ ನೋಡಿದರು.  ನಾನು ಇಪ್ಪತ್ತನೇ ಸೆಕೆಂಡಿನಲ್ಲಿ ನೋಡುವಂತೆಯೇ, ತಿಳಿಯದೆ ತಲೆಯೆತ್ತಿ ಮರ ನೋಡಿದೆ.

ಮಾವ ಕಣ್ಣು ಕಿರಿದು ಮಾಡಿ, ಪರೀಕ್ಷಕರ ಹಾಗೆ, ಕೊನೆಯವರೆಗೂ ನೋಡಿದರು.

"ಕೈ ಇನ್ನೂ ಸ್ವಲ್ಪ ಮೇಲಿಡಿ, ಮೇಷ್ಟ್ರೇ. ನೋಯೋದು ಅಲ್ಲಲ್ಲ" ಎಂದರು.

ಮೇಷ್ಟ್ರು ಕೈ ಮೇಲಿಟ್ಟುಕೊಂಡು ಮತ್ತೆ ಮೊದಲಿಂದ ನಡೆದರು. ಸಾಂಬಾರು ತಿಂದಿದ್ದರೆ ಈ ಗತಿ ಬರುತ್ತಿರಲಿಲ್ಲ ಎಂದು ಬೈಯುತ್ತ.