ಒಂದು ಸಾಲು ಮೇಲಕ್ಕೆ

ಕೌಸಲ್ಯ ಕೆ.ಆರ್. ಪೇಟೆಯ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಾಳೆ, ನಾನು ಕನ್ನಡ. ಶ್ರೀರಂಗಪಟ್ಟಣದಿಂದ ದಿನಾ ಒಂದೇ ಬಸ್ಸು, ಅಕ್ಕಪಕ್ಕದ ಸೀಟು. ಅವಳ ಪಿಎಚ್‌ಡಿ ನರಕೋಶಗಳ ಜಾಲದ ಲೆಕ್ಕದ ಮೇಲೆ. ಅದೇನು ಅಂತ ಕೇಳಿದ್ದು ನನ್ನದೇ ತಪ್ಪು. ಪಾಂಡವಪುರ ಬರುವವರೆಗೂ ಬಿಡಲಿಲ್ಲ.

"ಒಂದು ಕೋಶದ ಸುದ್ದಿ ಇನ್ನೊಂದಕ್ಕೆ ತಡವಾಗಿ ಮುಟ್ಟುತ್ತೆ ಕಣೇ. ಆ ಹಳೇ ಸುದ್ದಿಗೆ ಜೋರಾಗಿ ಎಗರಾಡಿದ್ರೆ ಇಡೀ ಜಾಲ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತೆ. ಮೆತ್ತಗೆ ತಗೊಂಡ್ರೆ ಒಂದು ಕಡೆ ನಿಲ್ಲುತ್ತೆ."

"ಮನೆ ಜಗಳದ ಥರ," ಅಂದೆ. ಅವಳು ನಗಲಿಲ್ಲ.

ಅವಳ ಅಪ್ಪ ರಾಮಸ್ವಾಮಿ ಮೂವತ್ತು ವರ್ಷ ದೇವಸ್ಥಾನದ ಅಡುಗೆಮನೆಯಲ್ಲಿ ದುಡಿದವರು. ಪಾರ್ಶ್ವವಾಯು ಹೊಡೆದ ಮೇಲೆ ಮಾತು ಹಳಿ ತಪ್ಪಿತ್ತು. ಕಾಫಿ ಬೇಕಾ ಅಂದರೆ ಸುಮ್ಮನಿರುವರು. ಸರಿ, ಕಾಲು ನೋಯ್ತಿದೆಯಾ ಅಂದರೆ "ಸಕ್ಕರೆ ಕಮ್ಮಿ ಹಾಕು" ಅನ್ನುವರು. ಮನೆಯವರು ಕೂಗಿ ಕೇಳುವರು, ಅವರು ಅಳುವರು. ಪ್ರತಿ ಸಂಜೆ ಇದೇ ಪಾಡು. ಕೌಸಲ್ಯಳ ಅಣ್ಣ ಸುಶಮೀಂದ್ರ, ಅಪ್ಪನಿಗೆ ಬುದ್ಧಿಯೇ ಹೋಗಿದೆ ಅಂತ ತೀರ್ಮಾನಿಸಿ ಮೈಸೂರಿನ ವೃದ್ಧಾಶ್ರಮವೊಂದರಲ್ಲಿ ಜಾಗ ಗೊತ್ತುಮಾಡಿದ್ದ. ಭಾನುವಾರ ಹೊರಡುವುದು.

ಕೌಸಲ್ಯಳಿಗೆ ಬರೆದಿಡುವ ಚಟ. ಆ ವಾರವೆಲ್ಲ ಅಪ್ಪನಿಗೆ ಕೇಳಿದ ಪ್ರಶ್ನೆ ಎಡಕ್ಕೆ, ಅವರ ಉತ್ತರ ಬಲಕ್ಕೆ ಬರೆದಳು. ಶುಕ್ರವಾರ ಬಸ್ಸಿನಲ್ಲಿ ನೋಟ್‌ಬುಕ್ ನನ್ನ ಮೂಗಿಗೆ ಹಿಡಿದು, "ಉತ್ತರಗಳನ್ನೆಲ್ಲ ಒಂದು ಸಾಲು ಮೇಲಕ್ಕೆ ಜರುಗಿಸಿ ಓದು" ಅಂದಳು.

ಓದಿದೆ. ಒಂದೂ ತಪ್ಪಿರಲಿಲ್ಲ. ಸಕ್ಕರೆಯ ಮಾತು ಕಾಫಿಯ ಪ್ರಶ್ನೆಯ ಎದುರಿಗೇ ಬಂದು ಕೂತಿತ್ತು.

"ಅಪ್ಪನ ಬುದ್ಧಿ ಸರಿಯಾಗೇ ಇದೆ. ಉತ್ತರ ತಡ, ಅಷ್ಟೇ. ಅಷ್ಟರಲ್ಲಿ ನಾವು ಇನ್ನೊಂದು ಕೇಳಿರ್ತೀವಿ."

ಭಾನುವಾರ ನಾನೂ ಅವರ ಮನೆಗೆ ಹೋದೆ, ಕುತೂಹಲ ತಡೆಯಲಾಗಲಿಲ್ಲ. ಜಗಲಿಯ ಮೇಲೆ ಬ್ಯಾಗು ಸಿದ್ಧವಾಗಿ ಕೂತಿತ್ತು.

"ಒಂದೇ ಪ್ರಶ್ನೆ ಕೇಳು. ಆಮೇಲೆ ಉಸಿರೆತ್ತಬೇಡ," ಅಂದಳು ಅಣ್ಣನಿಗೆ.

"ಅಪ್ಪಾ, ಮೈಸೂರಲ್ಲಿ ಇರ್ತೀಯಾ?" ಅಂತ ಸುಶಮೀಂದ್ರ ಕೇಳಿದ.

ರಾಮಸ್ವಾಮಿ ಗೋಡೆ ನೋಡುತ್ತಿದ್ದರು. ಹತ್ತು ಸೆಕೆಂಡು, ಇಪ್ಪತ್ತು. ಸುಶಮೀಂದ್ರ ಬಾಯಿ ತೆರೆದ. ಕೌಸಲ್ಯ ಅವನ ಕೈ ಒತ್ತಿ ಹಿಡಿದಳು. ನನಗೇ ಏನಾದರೂ ಕೇಳಿಬಿಡೋಣ ಅನ್ನಿಸುತ್ತಿತ್ತು. ಮೂವತ್ತೆಂಟನೇ ಸೆಕೆಂಡಿಗೆ ಅವರು ಮಗನ ಕಡೆ ತಿರುಗಿದರು.

"ನೀನು ಇರು ಅಂದ್ರೆ ಇರ್ತೀನಿ ಕಣೋ ಸುಶಿ."

ಸುಶಮೀಂದ್ರ ಜಗಲಿಯ ಬ್ಯಾಗಿನ ಕಡೆ ನೋಡಿದ. ಅಪ್ಪ ಅವನ ಮುಖ ನೋಡುತ್ತಾ ಕಾದರು. ಒಂದು ನಿಮಿಷವೇ ಆಗಿರಬೇಕು, ಅವನು ಎದ್ದು ಹೋಗಿ ಬ್ಯಾಗನ್ನು ಒಳಗೆ ತಂದಿಟ್ಟ.