ಡಿಶ್ ಮುಂದ ನನ್ನದ ಮಾರಿ

ಐಗಳಿಯೊಳಗ ಇಂಟರ್ನೆಟ್ ಅಂದ್ರ ನಾನ, ಲಖನ. ಹಂಗಂತ ನಾನ ಹೇಳಿಕೋತ ಅಡ್ಡಾಡತೇನಿ. ಬ್ಯಾರೆಯವರು ಅಂದದ್ದು ಇನ್ನೂ ಕೇಳಿಲ್ಲ. ನಮ್ಮ ಮಾಳಿಗಿ ಮ್ಯಾಲ ಒಂದು ಡಿಶ್, ಗಿರಾಕಿ ಹೊಲದಾಗ ಒಂದು ಡಿಶ್. ಒಂದರ ಮಾರಿ ಒಂದು ನೋಡಬೇಕು, ನಡುವ ಏನೂ ಅಡ್ಡ ಬರಬಾರದು. ವಾಯರ್ ಇಲ್ಲದ ನೆಟ್ ಹರಿತೈತಿ. ನನ್ನ ವಿದ್ಯಾ ಇಷ್ಟ.

ನಮ್ಮ ತಾರವ್ವತ್ತಿಗೆ ಮೊಳಕಾಲ ನೋವು, ಕುರಿ ಹಿಂದ ಅಡ್ಡಾಡಾಕ ಆಗವಲ್ದು. ಮರಿ ಇದ್ದಾಗಿಂದ ಕೈಯಾರೆ ಸಾಕಿದ ಟಗರು ಒಂದನ್ನ ಮಾರಬೇಕಾಗಿತ್ತು. ಸಂತಿಗೆ ಒಯ್ದ್ರ ಕಡಿಯವ್ರ ತಗೋತಾರ. "ಲೇ ಲಖನಾ, ಯಾರರ ಸಾಕವ್ರ ಕೈಗೆ ಹೋಗೂ ಹಂಗ ಮಾಡೋ ಯಪ್ಪಾ," ಅಂದ್ಳು.

"ಆನ್‌ಲೈನ್ ಲಿಲಾವ, ಹರಾಜ ಮಾಡೂಣು ಅತ್ತಿ. ಗಡಿ ಆಚೆ ಮಹಾರಾಷ್ಟ್ರದ ಜತ್ತ, ಸಾಂಗೋಲೆ ಕಡೆ ಸಾಕವ್ರೆಲ್ಲಾ ಫೋನಿನಾಗ ನೋಡಿ ಕೂಗತಾರ. ನಾ ಅದೀನಲ್ಲ!" ಅಂತ ಎದಿ ಉಬ್ಬಿಸಿದೆ. ಆಕಿ ದೊಡ್ಡಿ ಹತ್ರ ಫೋನಿನ ಟಾವರ್ ಸಿಗೂದಿಲ್ಲ, ಹಿಂಗಾಗಿ ಅಲ್ಲೊಂದು ಡಿಶ್ ಕೂಡ್ರಿಸಿದೆ. ಹಚ್ಚಿ ನೋಡಿದ್ರ ನೆಟ್ ಭರ್ಜರಿ ಓಡಿತು.

ನಮ್ಮ ಕಡೆ ಕೆಲಸಕ್ಕಿಂತ ಮೊದಲ ಬ್ಯಾನರ್ ಆಗಬೇಕು: ಫೇಟಾ, ಕರೇ ಚಸ್ಮಾ, ಕೈ ಮುಗದ ಫೋಟೋ. ಹೋದ ಸಲದ ಬ್ಯಾನರ್ ಗಾಳಿಗೆ ಹರಿದು ನನ್ನ ಅರ್ಧ ಮಾರಿ ಎಮ್ಮಿ ತಿಂದಿತ್ತು. ಅದಕ್ಕ ಈ ಸಲ ಅಥಣ್ಯಾಗ ದೊಡ್ಡ ತಗಡಿನ ಮ್ಯಾಲ ಮಾಡಿಸಿ, ಲಿಲಾವದ ದಿನ ಮುಂಜಾನೆ ದೊಡ್ಡಿ ಬಾಗಲದಾಗ ಕಂಬಕ್ಕ ವೆಲ್ಡಿಂಗ್ ಹೊಡಿಸಿದೆ. ಶಾಣ್ಯಾ ನೋಡ್ರಿ ನಾನು.

ಲಿಲಾವದ ಹೊತ್ತಾತು, ನೆಟ್ ಸತ್ತಿತ್ತು. ನೆಟ್ಟಿನ ಡಬ್ಬಿ ಬಂದ್ ಮಾಡಿ ಚಾಲೂ ಮಾಡಿದೆ, ವಾಯರಿನ ಬಾಯಾಗ ಊದಿದೆ, ಕಂಪನಿಯವರ ತಾಯಿ-ತಂದಿನೆಲ್ಲಾ ನೆನೆಸಿದೆ. ಅಷ್ಟೊತ್ತಿಗೆ, ಟಗರಿನ ಮ್ಯಾಲ ಕಣ್ಣಿಟ್ಟು ಬಂದಿದ್ದ ಮಟನ್ ಅಂಗಡಿ ಬಾಳಾಸಾಬ ಹೆಗಲ ಮ್ಯಾಲಿನ ಟಾವೆಲ್ ತಗದ. ಟಾವೆಲ್ ಕೆಳಗ ಬೆರಳ ಹಿಡದು ದರ ಹೇಳೂದು ಸಂತಿ ಪದ್ಧತಿ. "ಕೈ ಕೊಡ್ರಿ ಅತ್ತಿ, ಎಷ್ಟೊತ್ತ ಕಾಯೂದು?" ಅಂದ. ತಾರವ್ವತ್ತಿ ನನ್ನ ಮಾರಿ ನೋಡಿದ್ಳು. ಭೂಮಿ ಬಾಯಿ ತೆರೀಬಾರ್ದಾ ಅನಿಸ್ತು.

ಫೋನ್ ಹಿಡಿದು ನಿಂತಿದ್ದ ನನ್ನ ತಂಗಿ ಸೋನಾಲಿ ಅಂದ್ಳು, "ಅಣ್ಣಾ, ಡಿಶ್ ಮುಂದ ನೋಡ. ನಿನ್ನ ಮಾರಿನ ಅಡ್ಡ ನಿಂತೈತಿ."

ವೆಲ್ಡಿಂಗ್ ಬಿಚ್ಚಾಕ ಬರ್ತೈತೇನ್ರಿ! ಡಿಶ್ ಕಿತ್ತುಕೊಂಡು, ಬಾಜೂಕಿದ್ದ ಜ್ವಾಳದ ಕಣಿಕಿ ಬಣವಿ ಏರಿದೆ. ಏಣಿ ಹಿಡದಾಂವ ಬಾಳಾಸಾಬನ. ವಾಯರ್ ಉದ್ದ ಇತ್ತು, ಪುಣ್ಯಾ. ಡಿಶ್ ತಲಿ ಮ್ಯಾಲ ಎತ್ತಿ ಊರ ಕಡೆ ಹಿಡದೆ. "ಬಂತು, ಬಂತು!" ಅಂತ ಸೋನಾಲಿ ಒದರಿದ್ಳು. ಕೈ ಜರಾ ಇಳಿಸಿದ್ರ ಕಟ್. ಕೂಗಿನ ಮ್ಯಾಲ ಕೂಗು ಬಂದು, ಕಡೀಕ ಜತ್ತ ಕಡೆಯ ಒಬ್ಬಾಕಿ ಕುರಿ ಸಾಕೂ ಹೆಣ್ಮಗಳಿಗೆ ಟಗರು ಹ್ವಾತು.

ಫೋನಿನಾಗಿಂದ ಆಕಿ ಮರಾಠಿಯೊಳಗ ಟಗರಿನ ಹೆಸರೇನು ಅಂತ ಕೇಳಿದ್ಳು. ಯಾವ ಸಂತ್ಯಾಗೂ ಯಾರೂ ಅದನ್ನ ಕೇಳೂದಿಲ್ಲ. ತಾರವ್ವತ್ತಿ ಸೋನಾಲಿ ಕೈಯಾಗಿನ ಫೋನಿಗೆ ಬಗ್ಗಿದ್ಳು.

"ಸರ್ಜಾ," ಅಂದ್ಳು. "ಸರ್ಜಾ ಅಂತ ಕರದ್ರ ಬರ್ತಾನವ್ವಾ. ಬ್ಯಾರೆ ಏನರ ಅಂದ್ರ ತಿರುಗಿ ನೋಡೂದಿಲ್ಲ." ಸೆರಗಿನಾಗ ಮಾರಿ ಮುಚ್ಚಿಕೊಂಡ್ಳು.

ಬಣವಿ ಮ್ಯಾಲ ನಾನೂ ಅಳಾಕತ್ತಿದ್ದೆ. ಮೂಗ ಸೋರಾಕತ್ತಿತ್ತು, ಒರಸಿಕೊಳ್ಳಾಕ ಕೈ ಇರಲಿಲ್ಲ. ಡಿಶ್ ಇಳಿಸಿದ್ರ ಅತ್ತಿ ಮಾತು ಅರ್ಧಕ್ಕ ಕಡೀತಿತ್ತು.