ರ‍್ಯಾಂಪ್ ಮೇಲೆ ಹೊಸ ಬೈಕು

ಗೆಳೆಯರೇ, ಇವತ್ತು ಅಕ್ಕನಿಗೆ ರಾಬರ್ಟ್‌ಸನ್‌ಪೇಟೆಯ ಕಾಲೇಜಿನಲ್ಲಿ ಪರೀಕ್ಷೆ ಇತ್ತು. ವೀಲ್‌ಚೇರ್ ತಳ್ಳಿಕೊಂಡು ಹೋದರೆ, ರ‍್ಯಾಂಪ್ ಮೇಲೆ ಲೆಕ್ಚರರ್ ಒಬ್ಬರ ಹೊಸ ಬೈಕು ನಿಂತಿದೆ. ಹಾರ, ಕುಂಕುಮ, ಚಕ್ರದಡಿ ನಿಂಬೆಹಣ್ಣು.

ಸರಿಸಲು ಹೋದೆ. ಅಟೆಂಡರ್ ಓಡಿಬಂದರು. "ಲೇ, ಮುಟ್ಬೇಡ ಕಣ್ಲಾ! ಪೂಜೆ ಆಗೈತೆ, ಸಾರೇ ಬಂದು ಓಡಿಸ್ಬೇಕು."

ಪರೀಕ್ಷೆಯ ಬೆಲ್ ಹೊಡೆಯಿತು. ಸಾರ್ ಬಾಗಿಲಿಗೆ ಬಂದು, "ರಾಹುಕಾಲ ಮುಗೀಲಿ, ತೆಗೀತೀನಿ" ಎಂದರು.

"ಇಲ್ಲೇ ಯಾಕೆ ನಿಲ್ಸಿದ್ರಿ ಸಾರ್?" ಅಕ್ಕ ಕೇಳಿದಳು.

"ನೆರಳು ಇಲ್ಲೇ ಇರೋದಮ್ಮ. ಬೈಕು ಮೆಟ್ಟಿಲು ಹತ್ತುತ್ತಾ?"

"ನಾನೂ ಹತ್ತಲ್ಲ ಸಾರ್."

ನನಗೆ ದೊಡ್ಡವರೆದುರು ಬಾಯಿ ಬರುವುದಿಲ್ಲ. ಅಕ್ಕನನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದೆ. ಪರೀಕ್ಷೆ ತಪ್ಪಲಿಲ್ಲ.

ಸಾರ್ ಹೇಳಿದ್ದೂ ನ್ಯಾಯವೇ. ಅಕ್ಕನಿಗೆ ನಾನಿದ್ದೇನೆ. ಆ ಬೈಕನ್ನು ಎತ್ತಿಕೊಳ್ಳಲು ಯಾರಿದ್ದಾರೆ, ಪಾಪ!